ಎರಡು ಕೊಡದಷ್ಟು ಸಮುದ್ರ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಹವಳ ಮತ್ತೆ ಕೈ ಬಿಚ್ಚಿತು. ಮೊದಲು ಈ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮುಖವನ್ನೂ ತೊಳೆಯದೆ ಗಾಜಿನ ತೊಟ್ಟಿಯ ಮುಂದೆ ಕೂತಿದ್ದೆ. ಮೊದಲು ಒಂದು ಬೆರಳು ಅಲ್ಲಾಡಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಇಡೀ ಗೊಂಚಲು. ಹಸುಗೂಸು ತೊಟ್ಟಿಲಲ್ಲಿ ಮಲಗಿದಲ್ಲೇ ಮುಷ್ಟಿ ಬಿಚ್ಚಿ ಮುಚ್ಚಿ ಮಾಡುವುದಿಲ್ಲವೇ, ಅದೇ ತರಹ. ನಾನು ಹೊರಗೆ ಹೋಗಿ, ಬಾಗಿಲಲ್ಲಿ ಹಾಲು ಹಾಕಿಸಿಕೊಳ್ಳುತ್ತಿದ್ದ ಹೆಂಡತಿಗೆ ಹೇಳಿದೆ. ಹಾಲಿನವನಿಗೂ ಹೇಳಿದೆ. ಅವನು ಕ್ಯಾನಿನ ಮುಚ್ಚಳ ಹಾಕುತ್ತಾ, "ಒಳ್ಳೇದಾತು ಬಿಡ್ರಿ ಯಜಮಾನ್ರ. ನಮ್ಮ ಎಮ್ಮಿ ಕರ ಹಾಕಿದಾಗೂ ನಾ ಇಷ್ಟು ಹಿಗ್ಗಿಲ್ಲ" ಎಂದ.

ಹರಪನಹಳ್ಳಿಗೆ ಸಮುದ್ರ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ನಮ್ಮ ಮೊಮ್ಮಗಳು ತಂದಳು. ಅವಳು ಪಿಯುಸಿ ವಿಜ್ಞಾನದವಳು. ಮೀನು, ಹವಳ, ಕಡಲೊಳಗಿನ ಜೀವಗಳ ಬಗ್ಗೆ ಓದಬೇಕು, ಅದಕ್ಕೆ ಮಂಗಳೂರು ಕಡೆಯ ಕಾಲೇಜಿಗೇ ಹೋಗಬೇಕು ಎಂದು ಅವಳ ಹಟ. ಅವಳಪ್ಪ, ಅಂದರೆ ನನ್ನ ಮಗ, ಮೆಕ್ಕೆಜೋಳದ ಮಂಡಿಯಲ್ಲಿ ದುಡಿಯುವವನು. ಒಂದು ದಿನ ಊಟಕ್ಕೆ ಕೂತಾಗ ಅಂದುಬಿಟ್ಟ:

"ಈಕಿ ಸಮುದ್ರ ನೋಡಿದ್ದು ಟೀವಿಯಾಗ. ಅದನ್ನ ಓದಾಕ ಅಷ್ಟು ದೂರ ಹೊಕ್ಕಾಳಂತ. ಮೊದ್ಲು ಒಂದು ಕೊಡ ಸಮುದ್ರ ಮನಿಯಾಗ ಇಟ್ಕಂಡು ಜ್ವಾಪಾನ ಮಾಡ್ಲಿ. ಆಮ್ಯಾಲೆ ಕಾಲೇಜಿನ ಮಾತು."

"ಎಲ್ಡು ಕೊಡ ಇಟ್ರ?" ಎಂದಳು ಮೊಮ್ಮಗಳು.

"ಇಡವ್ವ. ಎಲ್ಡು ಕೊಡ ಇಟ್ಟು, ಫಾರಂ ತುಂಬೋ ತನಕ ಸಾಯದಂಗ ನೋಡ್ಕ. ಆವಾಗ ನಾ ಬ್ಯಾಡ ಅನ್ನಂಗಿಲ್ಲ."

ಅವನು ತಮಾಷೆಗೆ ಅಂದಿದ್ದ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ದೀಪಾವಳಿ ಕಳೆದ ಮೇಲೆ ಎರಡು ಕೊಡ ನೀರು ಹಿಡಿಯುವ ಗಾಜಿನ ತೊಟ್ಟಿಯೊಂದು ನಮ್ಮ ಪಡಸಾಲೆಯ ಮೇಜಿನ ಮೇಲೆ ಬಂದು ಕೂತಿತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಕೂದಲು ಬೆಳ್ಳಗಾಗುವ ತನಕ ಮಂಡಕ್ಕಿ ಭಟ್ಟಿಯಲ್ಲಿ ದುಡಿದೆ. ಅಕ್ಕಿಗೆ ಉಪ್ಪುನೀರು ಉಣಿಸಿ, ಹದಕ್ಕೆ ಬಿಸಿ ಮಾಡಿ, ಕಾದ ಮರಳಿಗೆ ಹಾಕಿದರೆ ಮಂಡಕ್ಕಿ ಅರಳುತ್ತದೆ. ಆ ಉಪ್ಪುನೀರಿನ ಹದ ನೋಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಮರಳು, ಉಪ್ಪು, ನೀರು ಎಂದ ಕೂಡಲೇ ನನಗೆ ಹುಮ್ಮಸ್ಸು ಬಂತು. ಇದು ನಮ್ಮ ಕಸುಬೇ ಅಲ್ಲವೇ ಎಂದುಕೊಂಡೆ.

"ಮರಳಿಗೆ ಯಾಕ ರೊಕ್ಕ ಕೊಡ್ತೀ? ಭಟ್ಟಿಯಾಗ ಬೇಕಾದಷ್ಟು ಬಿದ್ದೈತಿ, ಹುರಿದು ಹುರಿದು ಶುದ್ಧ ಆಗೇತಿ" ಎಂದೆ.

"ಅಜ್ಜ, ಆ ಕರಿ ಮರಳು ಹಾಕಿದ್ರ ಹವಳ ಅಲ್ಲ, ಮಿರ್ಚಿ ಮಂಡಕ್ಕಿ ಆಗತೈತಿ" ಎಂದು ನಕ್ಕಳು. ದಾವಣಗೆರೆಯ ಅಂಗಡಿಯಿಂದ ಬಿಳಿಯ ಮರಳು, ತೂತು ತೂತಾದ ಹಗುರ ಕಲ್ಲು, ಸಮುದ್ರದ್ದೇ ಆದ ಉಪ್ಪು ತಂದಳು. ಅಡುಗೆ ಉಪ್ಪು ನಡೆಯುವುದಿಲ್ಲವಂತೆ. ಬೋರಿನ ನೀರೂ ಆಗುವುದಿಲ್ಲ. ಅದಕ್ಕೇನು, ನಮ್ಮ ಓಣಿಯ ತುದಿಯಲ್ಲೇ ಶುದ್ಧ ನೀರಿನ ಘಟಕ ಇದೆ. ನಾನೇ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋಗಿ, ಕಾಯಿನ್ ಹಾಕಿ ನೀರು ತಂದೆ. ಬಕೆಟ್ಟಿನಲ್ಲಿ ಉಪ್ಪು ಕಲಸುವಾಗ ಅವಳು ದುರ್ಬೀನಿನಂಥ ಸಣ್ಣ ಮಾಪಕಕ್ಕೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದಳು. ನಾನು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ.

"ಇನ್ನೊಂದು ಚೂರು ಬೇಕು" ಎಂದೆ.

ಅವಳು ಮಾಪಕ ನೋಡಿ, "ಖರೇ ಅಜ್ಜ, ಚೂರು ಕಮ್ಮಿ ಐತಿ" ಎಂದಳು. ಆ ದಿನ ನನಗೆ ಏರಿದ ಜಂಬ ಇಳಿಯಲು ಬೇಸಿಗೆಯೇ ಬರಬೇಕಾಯಿತು.

ಆಮೇಲೆ ವಾರಗಟ್ಟಲೆ ತೊಟ್ಟಿಯಲ್ಲಿ ನೀರು, ಕಲ್ಲು ಬಿಟ್ಟರೆ ಏನೂ ಇಲ್ಲ. ಕಣ್ಣಿಗೆ ಕಾಣದ ಜೀವಗಳು ಮೊದಲು ಆ ಕಲ್ಲಿನಲ್ಲಿ ಮನೆ ಮಾಡಬೇಕಂತೆ, ನೀರಿನ ಹೊಲಸು ತಿನ್ನುವವರು ಅವರೇ ಅಂತೆ. ಬಂದ ನೆಂಟರೆಲ್ಲ ಗಾಜಿಗೆ ಮೂಗು ಹಚ್ಚಿ, "ಮೀನ ಎಲ್ಲಿ?" ಎಂದು ಕೇಳುವುದು. ಹೆಂಡತಿ ಕಾಫಿ ಕೊಡುತ್ತಾ, "ಮೀನಿಗೆ ಜಾಗ ಸಾಲಂಗಿಲ್ಲಂತ್ರಿ. ನಮ್ಮನಿ ಮುದುಕ ಕಲ್ಲು ಕಾಯ್ತಾನ್ರಿ" ಎನ್ನುವಳು. ನಾನು ನಿಜವಾಗಿಯೂ ಕಾಯುತ್ತಿದ್ದೆ.

ಕೊನೆಗೆ ಒಂದು ಬಸವನಹುಳ ಬಂತು, ಆಮೇಲೆ ಹವಳ. ಕಲ್ಲಿನಂಥ ಗಟ್ಟಿ ಹವಳ ಸಾಕಲು ಕಾನೂನು ಬಿಡುವುದಿಲ್ಲವಂತೆ. ಇದು ಮೆತ್ತನೆಯ ಜಾತಿ, ಅಂಗಡಿಯವನು ತನ್ನ ತೊಟ್ಟಿಯಲ್ಲೇ ಬೆಳೆಸಿದ ಗೊಂಚಲಿನ ಒಂದು ತುಂಡು. ಥರ್ಮಾಕೋಲ್ ಡಬ್ಬಿಯೊಳಗೆ ನೀರು ತುಂಬಿದ ಕವರಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಮೊದಲ ದಿನ ಮುದುಡಿಕೊಂಡೇ ಇತ್ತು. ಮರುದಿನ ಕೈಗಳನ್ನು ಬಿಚ್ಚುವುದಕ್ಕೆ, ಮುಚ್ಚುವುದಕ್ಕೆ ಶುರು ಮಾಡಿತು. ಅದರ ಇಂಗ್ಲಿಷ್ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ. ನಮ್ಮ ಮನೆಯಲ್ಲಿ ಅದು ಕೈಹವಳ. ಮಗ ಕೂಡ ಮಂಡಿಗೆ ಹೋಗುವ ಮೊದಲು ಒಂದು ಗಳಿಗೆ ಬಗ್ಗಿ ನೋಡಿಯೇ ಹೋಗುತ್ತಿದ್ದ. ಕೇಳಿದರೆ, "ವಾಚ್ ಹುಡುಕ್ತಿದ್ದೆ" ಎನ್ನುವನು.

ಬೇಸಿಗೆ ಬಂತು. ಪರೀಕ್ಷೆ ಮುಗಿದ ಮೇಲೆ ಮೊಮ್ಮಗಳು ಸಿಇಟಿ ಕೋಚಿಂಗಿಗೆಂದು ದಾವಣಗೆರೆಯ ಸೋದರಮಾವನ ಮನೆಗೆ ಹೊರಟಳು. ನೀರು ಬಿಸಿಯಾಗದಂತೆ ತೊಟ್ಟಿಯ ಮೇಲೆ ಸಣ್ಣ ಫ್ಯಾನು ಕಟ್ಟಿದ್ದಳು. ಆ ಗಾಳಿಗೆ ದಿನಾ ಎರಡು ಲೋಟ ನೀರು ಇಳಿಯುತ್ತಿತ್ತು. ಗಾಜಿನ ಮೇಲೆ ಗೆರೆ ಎಳೆದು, "ಅಜ್ಜ, ನೀರು ಇಳಿದಂಗ ಈ ಗೆರಿ ಮಟ ಹಾಕು. ನಿನ್ನ ಕೈಯಾಗ ಬಿಟ್ಟು ಹೊಂಟೀನಿ" ಎಂದಳು.

ಮೇಜಿನ ಕೆಳಗೆ ಎರಡು ಕ್ಯಾನು ಇದ್ದವು. ಒಂದರಲ್ಲಿ ಸಿಹಿನೀರು. ಇನ್ನೊಂದರಲ್ಲಿ ಉಪ್ಪು ಕಲಸಿಟ್ಟ ನೀರು, ವಾರಕ್ಕೊಮ್ಮೆ ತೊಟ್ಟಿಯ ಹಳೆಯ ನೀರು ತೆಗೆದು ಹೊಸದು ಹಾಕುವುದಕ್ಕೆ. ಯಾವುದು ಹಾಕಲಿ ಎಂದು ನಾನು ಕೇಳಲೇ ಇಲ್ಲ. ಭಟ್ಟಿಯಲ್ಲಿ ಉಪ್ಪುನೀರಿನ ಹಂಡೆ ಇಳಿದರೆ ಉಪ್ಪುನೀರನ್ನೇ ತುಂಬಿಸುತ್ತಿದ್ದೆವು. ಸಿಹಿನೀರು ಹೊಯ್ದರೆ ಮಂಡಕ್ಕಿ ಸಪ್ಪಗಾಗುತ್ತಿತ್ತು. ಸಮುದ್ರವೂ ಸಪ್ಪಗಾಗಬಾರದಲ್ಲ ಎಂದು ದಿನಾ ಎರಡು ಲೋಟ ಉಪ್ಪುನೀರನ್ನೇ ಹೊಯ್ದೆ. ಖಾಲಿಯಾದಂತೆ ನಾನೇ ಕಲಸಿದೆ. ದಿನಾ ತೊಟ್ಟಿಯಿಂದಲೂ ಒಂದು ಹನಿ ತೆಗೆದು ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ. ಸರಿಯಾಗಿಯೇ ಇತ್ತು. ಮಾಪಕ ಅದರ ಡಬ್ಬಿಯಲ್ಲೇ ಮಲಗಿತ್ತು.

ಹವಳದ ಕೈಗಳು ಮೊದಲು ನಿಧಾನವಾದವು. ಆಮೇಲೆ ನಿಂತವು. ಒಂದು ದಿನ ನೋಡಿದರೆ ಇಡೀ ಗೊಂಚಲು ಒಣಗಿದ ಅಂಜೂರದಂತೆ ಕುಗ್ಗಿ ಕಲ್ಲಿಗೆ ಅಂಟಿಕೊಂಡಿತ್ತು. ಮಗ ಬಗ್ಗಿ ನೋಡಿ, "ಅಪ್ಪಾ, ಇದು ಮುಗೀತೇನು?" ಎಂದ. ಅವನ ದನಿಯಲ್ಲಿ ಗೆದ್ದೆ ಎನ್ನುವುದು ಇರಲಿಲ್ಲ, ಪಾಪ. ಕಾಲೇಜಿನ ಫಾರಂ ತುಂಬುವ ದಿನ ಹತ್ತಿರ ಬಂದಿತ್ತು. ಅವಳ ಸಮುದ್ರ ನನ್ನ ಕೈಯಲ್ಲೇ ಹೋಗುವುದೇ?

"ಫೋನ್ ಹಚ್ರಿ ಹುಡುಗಿಗೆ" ಎಂದಳು ಹೆಂಡತಿ.

"ಓದೋ ಹುಡುಗಿಗೆ ಯಾಕ ತ್ರಾಸು."

"ನೀವು ಹಚ್ತೀರೋ ನಾ ಹಚ್ಲೋ?"

ಹಚ್ಚಿದೆ. ಮರುದಿನ ಮೊದಲ ಬಸ್ಸಿಗೇ ಬಂದಳು. ಚೀಲ ಇಳಿಸದೆ ಮಾಪಕಕ್ಕೆ ಹನಿ ಹಾಕಿ ಕಿಟಕಿಗೆ ಹಿಡಿದಳು. ಇನ್ನೊಮ್ಮೆ ಒರೆಸಿ ಹಿಡಿದಳು.

"ಅಜ್ಜ, ಇದು ಸಮುದ್ರ ಅಲ್ಲ, ಉಪ್ಪಿನಕಾಯಿ ಭರಣಿ. ಏನ್ ಹಾಕ್ತಿದ್ದಿ ದಿನಾ?"

ನಾನು ಭಟ್ಟಿಯ ಲೆಕ್ಕ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ನೆಲದ ಮೇಲೆ ನನ್ನ ಪಕ್ಕವೇ ಕೂತಳು.

"ಭಟ್ಟಿಯಾಗ ಅಕ್ಕಿ ನೀರೂ ಕುಡಿತಿತ್ತು, ಉಪ್ಪೂ ಕುಡಿತಿತ್ತು. ಅದಕ್ಕ ಎಲ್ಡೂ ಹಾಕ್ತಿದ್ದಿ. ಇಲ್ಲಿ ಅಕ್ಕಿ ಎಲ್ಲೈತಿ ಅಜ್ಜ? ಗಾಳಿ ಬರೇ ನೀರು ಒಯ್ತು. ಉಪ್ಪು ಒಯ್ಯೋರು ಯಾರು?"

ಅಷ್ಟು ಸಾಕಾಯಿತು, ನನಗೆ ಬೆಳಕು ಹರಿದ ಹಾಗಾಯಿತು. ಅಲ್ಲ, ಹಂಡೆಯ ಅಂಚಿನಲ್ಲಿ ನೀರು ಆರಿದ ಮೇಲೆ ಬೆಳ್ಳಗೆ ಉಪ್ಪು ನಿಲ್ಲುವುದನ್ನು ಜೀವಮಾನವೆಲ್ಲ ತಿಕ್ಕಿ ತಿಕ್ಕಿ ತೊಳೆದವನು ನಾನು. "ಮತ್ತ ನನ್ನ ನಾಲಿಗಿ ಯಾಕ ಹೇಳ್ಲಿಲ್ಲ?" ಎಂದೆ.

"ದಿನಾ ಚೂರು ಚೂರು ಏರಿದ್ರ ಹೆಂಗ ಗೊತ್ತಾಗತೈತಿ? ನಿನ್ನ ನಾಲಿಗಿನೂ ಜತಿಗೆ ಏರೇತಿ."

ಅಡುಗೆ ಮನೆಯಿಂದ ಹೆಂಡತಿ, "ಅದಕ್ಕಾ ಈಗೀಗ ನನ್ನ ಸಾರು ಸಪ್ಪಗೈತಿ ಅಂತ ಕೂಗಾಡ್ತಿದ್ರು" ಎಂದಳು. ಮೂವರೂ ನಕ್ಕೆವು. ನನ್ನ ನಗು ಸ್ವಲ್ಪ ತಡವಾಗಿ ಬಂತು.

ಒಮ್ಮೆಲೇ ಸಿಹಿನೀರು ಸುರಿದರೆ ಹವಳಕ್ಕೆ ಇನ್ನೂ ಕೇಡು ಎಂದಳು. ದಿನಾ ಒಂದಿಷ್ಟು ಉಪ್ಪುನೀರು ತೆಗೆಯುವುದು, ಅಷ್ಟೇ ಸಿಹಿನೀರು ನಿಧಾನಕ್ಕೆ ಬಿಡುವುದು. ಅವಳು ಕೋಚಿಂಗಿಗೆ ವಾಪಸ್ಸು ಹೋಗಬೇಕಿತ್ತು. ಈ ಕೆಲಸ ಅವಳಮ್ಮನಿಗೆ, ಅಂದರೆ ನನ್ನ ಸೊಸೆಗೆ ಒಪ್ಪಿಸುತ್ತಾಳೆ ಎಂದುಕೊಂಡರೆ, ಮಾಪಕವನ್ನು ನನ್ನ ಕೈಯಲ್ಲೇ ಇಟ್ಟಳು. "ನೀನೇ ಮಾಡು. ನಾಲಿಗಿ ಬ್ಯಾಡ, ಕಣ್ಣು ಹಚ್ಚು" ಎಂದಳು. ಮಾಪಕದ ಗೆರೆ ಓದುವುದು ಕಲಿತೆ. ನೀಲಿ ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಗುತ್ತದೋ ಅದೇ ಗೆರೆ. ದಿನಾ ಫೋನಿನಲ್ಲಿ ಒಪ್ಪಿಸುತ್ತಿದ್ದೆ. ನೀರು ಹದಕ್ಕೆ ಬಂದ ಮೇಲೂ ಹವಳ ಏಳಲಿಲ್ಲ. ಕೋಚಿಂಗ್ ಮುಗಿಸಿ, ಸಿಇಟಿ ಬರೆದು ಅವಳು ಮನೆಗೆ ಬಂದಳು. ಆಗಲೂ ಏಳಲಿಲ್ಲ. ಇದೇ ವಾರ ಫಾರಂ ತುಂಬಬೇಕು. ನಿನ್ನೆ ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ.

ಅಂಥ ಹೊತ್ತಿನಲ್ಲಿ ಇವತ್ತು ಬೆಳಿಗ್ಗೆ ಅದು ಕೈ ಬಿಚ್ಚಿತು. ಅವಳನ್ನು ಎಬ್ಬಿಸಿದೆ. ಕೂದಲು ಕೆದರಿಕೊಂಡು ಬಂದು ನೋಡಿದಳು, ನನ್ನ ಭುಜಕ್ಕೆ ತಲೆ ಇಟ್ಟಳು. ಮಗ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಬಂದು ನಿಂತ. ಬಹಳ ಹೊತ್ತು ನಿಂತ. ಇವತ್ತು ವಾಚಿನ ಸುದ್ದಿ ಎತ್ತಲಿಲ್ಲ.

ಸಂಜೆ ಹೆಂಡತಿ, ಸೊಸೆ ಸೇರಿ ಶೇಂಗಾ ಹೋಳಿಗೆ ಮಾಡಿದರು. ಅಡುಗೆ ಮನೆ ಬಿಟ್ಟು ಎಲ್ಲರೂ ಪಡಸಾಲೆಯಲ್ಲೇ ತಟ್ಟೆ ಹಾಕಿಕೊಂಡು ಕೂತೆವು. ಜೋಳದ ರೊಟ್ಟಿ, ಎಣಗಾಯಿ, ಮೊಸರು. ತೊಟ್ಟಿಯ ನೀಲಿ ಬೆಳಕು ಎಲ್ಲರ ತಟ್ಟೆಯ ಮೇಲೂ ಬಿದ್ದಿತ್ತು. ಮಗ ಎರಡನೇ ರೊಟ್ಟಿ ಮುರಿಯುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದ:

"ಆ ಕಡಿ ಹಾಸ್ಟೆಲ್‌ನ್ಯಾಗ ಜ್ವಾಳದ ರೊಟ್ಟಿ ಕೊಡ್ತಾರಂತೇನು?"

ಮೊಮ್ಮಗಳ ಕೈ ತಟ್ಟೆಯ ಮೇಲೆ ನಿಂತಿತು. "ಕುಚಲಕ್ಕಿ ಅನ್ನ ಅಂತಪ್ಪಾ" ಎಂದಳು ಮೆಲ್ಲಗೆ.

"ಹಂಗಾರ ಖಡಕ್ ರೊಟ್ಟಿ ಮಾಡಿ ಕೊಡಬೇಕು" ಎಂದು ಅವನು ತನ್ನ ಹೆಂಡತಿಗೆ ಹೇಳಿದ. "ಒಂದು ತಿಂಗಳಿಗೆ ಆಗೋವಷ್ಟು. ಫಾರಂ ನಾಳೆನೇ ತುಂಬಿಬಿಡಾಣ."

ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಈಗ ಬಡಿಸಿದ್ದು ಉಣ್ರಿ ಮೊದ್ಲು, ಆರತೈತಿ" ಎಂದಳು. ಹೆಂಡತಿ ಎಲ್ಲರ ಹೋಳಿಗೆಗೂ ತುಪ್ಪ ಬಿಡುತ್ತಾ ಬಂದಳು. ನಿನ್ನೆ ಉಣ್ಣದ ಹುಡುಗಿ ಮೂರನೆಯದಕ್ಕೂ ತಟ್ಟೆ ಮುಂದೆ ಮಾಡಿದಳು. ನಾನೂ ಮಾಡಿದೆ.