ನಿಂತ ಕಾರಿನ ತಂಪು

ನಮ್ಮ ಸೋದರಮಾವನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೀಸೆ ಚಿಗುರಿದಾಗಿನಿಂದ ಡೀಸೆಲ್ ಟ್ಯಾಕ್ಸಿ ಓಡಿಸಿದವನು. ಹೋದ ತಿಂಗಳು ಕಂಪನಿಯವರು ಅದನ್ನು ತೆಗೆದುಕೊಂಡು ಎಲೆಕ್ಟ್ರಿಕ್ ಕಾರು ಕೊಟ್ಟಾಗ ಮುಖ ಗಂಟು ಹಾಕಿಕೊಂಡೇ ಮನೆಗೆ ತಂದ. ಅದರ ಬಗ್ಗೆ ಅವನದೊಂದು ಸಿದ್ಧಾಂತ: ಹಳೆಯ ಕಾರು ನಿಂತರೂ ಇಂಜಿನ್ ಗಡಗಡ ಸದ್ದು ಮಾಡುತ್ತ ತಿರುಗುತ್ತದೆ, ಎಸಿ ನಡೆಯುತ್ತದೆ, ಇದರಲ್ಲಿ ಚಕ್ರ ನಿಂತರೆ ಮೋಟಾರೂ ನಿಂತಿತು, ಇನ್ನು ತಂಪು ಎಲ್ಲಿಂದ ಬರಬೇಕು? ಸಿಗ್ನಲ್ಲಿನಲ್ಲಿ ಬರುತ್ತದಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅದು ಪೈಪಿನಲ್ಲಿ ಉಳಿದದ್ದು ಎಂದ. ಗಿರಾಕಿಗೆ ಕಾಯುವಾಗ ಎಲ್ಲ ಆರಿಸಿ, ಕಿಟಕಿ ಇಳಿಸಿ, ಬೆವರು ಒರೆಸುತ್ತ ಕೂರುತ್ತಿದ್ದ. ಕಾರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವನ ಮಾತೇ ವೇದವಾಕ್ಯ, ನಾವೂ ನಂಬಿದೆವು.

ಅಮ್ಮ ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದ ವಾರವೇ ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಬಡಾವಣೆಗೆ ಕರೆಂಟ್ ಹೋಯಿತು. ಸುಡುಬಿಸಿಲಿನ ಮಧ್ಯಾಹ್ನ. ಫ್ಯಾನಿಲ್ಲದ ಕೋಣೆಯಲ್ಲಿ ಅಮ್ಮನ ಉಸಿರು ಮೇಲೆ ಕೆಳಗೆ ಆಗತೊಡಗಿತು. ಡಾಕ್ಟರಿಗೆ ಫೋನ್ ಮಾಡಿದರೆ, ಮೊದಲು ತಂಪಿನಲ್ಲಿ ಕೂರಿಸಿ, ಸುಧಾರಿಸದಿದ್ದರೆ ಕರೆದುಕೊಂಡು ಬನ್ನಿ ಎಂದರು. ಮಾವ ಬಾಡಿಗೆ ಬಿಟ್ಟು ಓಡಿಬಂದ.

ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡೆ. ಮಾವ ಹೊರಟ. ಬ್ಯಾಂಕಿನ ಮುಂದೆ, ಶಾಲೆಯ ಹಿಂದೆ, ಮತ್ತೆ ಬ್ಯಾಂಕಿನ ಮುಂದೆ, ಗಾಣದೆತ್ತಿನ ಹಾಗೆ ಸುತ್ತಿದ. ಕಾರು ನಿಂತರೆ ಅಕ್ಕನ ಉಸಿರೂ ನಿಂತೀತು ಎಂದೇ ಅವನ ಭಯ. ರಸ್ತೆಯ ಪ್ರತಿ ಉಬ್ಬಿಗೂ ಅಮ್ಮ ಹೊಲಿಗೆ ಹಾಕಿದ ಎದೆಯನ್ನು ಒತ್ತಿ ಹಿಡಿಯುತ್ತಿದ್ದಳು. ಬ್ಯಾಟರಿ ಇಳಿಯುತ್ತಲೇ ಇತ್ತು, ಚಾರ್ಜ್ ಮಾಡುವ ಜಾಗದಲ್ಲೂ ಕರೆಂಟಿಲ್ಲ.

ಕೊನೆಗೆ ಅಮ್ಮನೇ ಬಾಯಿಬಿಟ್ಟಳು.

"ನಿಲ್ಲಿಸೋ ಸಾಕು. ನಿನ್ನ ತಂಪಿಗಿಂತ ಈ ಕುಲುಕಾಟವೇ ನನ್ನನ್ನ ಕೊಲ್ಲುತ್ತೆ."

ಅಕ್ಕನ ಮಾತು ಮೀರಿ ಅವನಿಗೆ ಅಭ್ಯಾಸವಿಲ್ಲ. ಒಂದು ದೊಡ್ಡ ಕಟ್ಟಡದ ನೆರಳಿನಲ್ಲಿ ನಿಲ್ಲಿಸಿದ. ಎಸಿ ಆರಿಸಲು ಕೈ ಬರಲಿಲ್ಲ. ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿ, ಅದು ಬೆಚ್ಚಗಾಗುವ ಗಳಿಗೆಗಾಗಿ ಕಾದು ಕುಳಿತ.

ಆ ಗಳಿಗೆ ಬರಲೇ ಇಲ್ಲ. ಎಷ್ಟು ಹೊತ್ತಾದರೂ ತಂಪು ಹಾಗೆಯೇ ಸುರಿಯುತ್ತಿತ್ತು, ಬ್ಯಾಟರಿಯೂ ಇಳಿದೂ ಇಳಿಯದ ಹಾಗಿತ್ತು. ಮಾವ ಮೆಲ್ಲಗೆ ಇಳಿದು ಚಕ್ರ ಮುಟ್ಟಿ ನೋಡಿದ, ಬಾನೆಟ್ಟಿನ ಮೇಲೆ ಅಂಗೈಯಿಟ್ಟ, ಬಗ್ಗಿ ಎಸಿಯಿಂದ ಕೆಳಗೆ ತೊಟ್ಟಿಕ್ಕುವ ನೀರು ನೋಡಿದ. ಹೊರಗೆ ರಸ್ತೆ ಕಾದು ಕುದಿಯುತ್ತಿತ್ತು, ಒಳಗೆ ಅಮ್ಮನ ಹಣೆ ತಣ್ಣಗಿತ್ತು.

ಅವನು ಮತ್ತೆ ಒಳಗೆ ಬಂದು ಬಾಗಿಲು ಹಾಕುವಷ್ಟರಲ್ಲಿ ಅಮ್ಮ ನಿದ್ದೆ ಹೋಗಿದ್ದಳು. ಮಾವ ಹಿಂದಕ್ಕೆ ತಿರುಗಿ, ಕತ್ತು ವಾಲಿಸಿ, ಬಹಳ ಹೊತ್ತು ಕೇಳಿಸಿಕೊಂಡ. ಕಣ್ಣಲ್ಲಿ ನೀರು ತುಂಬಿತ್ತು.

"ಇಷ್ಟು ವರ್ಷ ಆ ಡೀಸೆಲ್ ಗಾಡೀಲಿ ಇವಳನ್ನ ಕೂರಿಸಿಕೊಂಡು ಓಡಾಡಿದ್ದೀನಿ," ಎಂದು ಪಿಸುಗುಟ್ಟಿದ, "ಅಕ್ಕ ಉಸಿರಾಡೋದು ನನಗೆ ಇವತ್ತೇ ಕೇಳಿಸ್ತಿರೋದು."