ಯಾರೂ ಒಯ್ಯದ ಮಾವಿನ ಸಸಿಗಳು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಟವನು ಹೂಗಿಡ ಕೊಳ್ಳಲೆಂದು ದಾರಿಯ ನರ್ಸರಿಯೊಂದರ ಮುಂದೆ ಬೈಕ್ ನಿಲ್ಲಿಸಿದೆ. ಮೊದಲು ಅದು ಸರ್ಕಾರದ ತೋಟಗಾರಿಕೆ ಫಾರಂ. ಈಗ ಖಾಸಗಿಯವರು ಗುತ್ತಿಗೆಗೆ ಪಡೆದಿದ್ದಾರೆ. ಹಿಂಭಾಗಕ್ಕೆ ಹೋದರೆ ನಡುಹಗಲಲ್ಲೂ ಕತ್ತಲು. ಮೊಳಕ್ಕೊಂದರಂತೆ ನೂರಾರು ಮಾವಿನ ಮರಗಳು ತೆಳ್ಳಗೆ, ಎತ್ತರಕ್ಕೆ ಸಾಲಾಗಿ ನಿಂತಿದ್ದವು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಪ್ರತಿ ಕಾಂಡದಲ್ಲೂ ಅರ್ಧ ಹೂತುಹೋದ ತಗಡಿನ ಬಿಲ್ಲೆ; ಅದರ ಮೇಲೆ ಯಾರದೋ ಹೆಸರು, ಊರು.

"ಸ್ಕೀಮ್‌ನಾಗೆ ರೈತರ್ಗೆ ಅಂತ ಬರೆದಿಟ್ಟ ಸಸಿ ಸಾ," ಎಂದರು ಮಾದಮ್ಮ. ಸರ್ಕಾರದ ಕಾಲದಿಂದಲೂ ಅಲ್ಲೇ ಕೂಲಿ ಮಾಡುತ್ತಿರುವವರು. "ಇಷ್ಟು ಬೆಳೀರಿ ಅಂತ ಮೇಲಿಂದ ಆರ್ಡರ್ ಬರೋದು, ಬೆಳೀತಿದ್ವಿ. ಇವ್ರ್ಯಾರೂ ಬಂದು ಈಸ್ಕಳ್ನಿಲ್ಲ. ಬೇರು ಪ್ಲಾಸ್ಟಿಕ್ ಕವರ್ ಹರ್ಕಂಡು ನೆಲಕ್ಕಿಳೀತು. ಈಗ ಇವ್ರಲ್ಲಿ ಎಷ್ಟೋ ಜನ ಇಲ್ಲ."

"ಕೀಳಲಿಲ್ವಾ?"

"ಕೀಳೋಕೆ ಆರ್ಡರ್ ಬರ್ನಿಲ್ಲ."

ಗುತ್ತಿಗೆ ಹಿಡಿದವರು ಈ ಮರಗಳಿಗೆ ಗಿರಾಕಿ ಹುಡುಕಿದ್ದಾರೆ. ಮೈಸೂರಿನ ಹೊಸ ಲೇಔಟುಗಳಿಗೆ ಬೆಳೆದ ಮರವೇ ಬೇಕಂತೆ. ನಾನಿದ್ದಾಗಲೇ ಒಂದರ ಬುಡ ಅಗೆದು, ಬೇರಿಗೆ ಗೋಣಿ ಸುತ್ತಿ, ಕ್ರೇನಿನ ಪಟ್ಟಿ ಬಿಗಿದರು. ಮಾದಮ್ಮ ಬಿಲ್ಲೆಯನ್ನು ಮುಟ್ಟಿ ನೋಡಿ, ಗೇಟಿನ ಕಡೆ ತಿರುಗಿ ಗಟ್ಟಿಯಾಗಿ ಕರೆದರು. "ಚಿಕ್ಕಮಾದಯ್ಯ, ಬಿಳಿಗೆರೆ."

ಕೆಲಸದವರೆಲ್ಲ ಕೈ ನಿಲ್ಲಿಸಿದರು. ಅವರಿಗೆ ಇದು ರೂಢಿಯಾದಂತಿತ್ತು. ನನಗೆ ಮಾತ್ರ ಗೇಟಿನ ಕಡೆ ನೋಡಲು ಧೈರ್ಯ ಬರಲಿಲ್ಲ. ಮೂರು ಸಲ ಕರೆದು, ಮಾದಮ್ಮ ಸ್ವಲ್ಪ ಹೊತ್ತು ಕಾದರು. ಆಮೇಲೆ ಕ್ರೇನಿನವನಿಗೆ, "ಎತ್ತಪ್ಪ," ಎಂದರು.