ಬೆನ್ನು ತಿರುಗಿಸಿ ನಡೆಸಿದ ಜಹಾಜು

ಬಾಯಿ ಮುಚ್ಚಿಕೊಂಡು ಜಹಾಜು ಹತ್ತಬೇಕು ಎಂಬ ಕಾನೂನು ನಮ್ಮ ಕಡೆ ಬರುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅವರ ಮುಖದ ಮೇಲೆಯೇ ನಕ್ಕುಬಿಡುತ್ತಿದ್ದೆ. ನಮ್ಮ ಕಡೆ ಎಂದರೆ ಇಚಲಕರಂಜಿ, ಕೊಲ್ಹಾಪುರ. ಇಲ್ಲಿಯ ಮಂದಿ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತದೆ. ಮರಾಠಿಯವರು ಒಂದು ದನಿ ಏರಿಸಿದರೆ ಕನ್ನಡದವರು ಎರಡು ಏರಿಸುತ್ತಾರೆ. ಅಂಥವರನ್ನು ಆಕಾಶಕ್ಕೆ ತೂಗಿಬಿಟ್ಟು, ಮೇಲೆ ಸುಮ್ಮನಿರಿ ಎಂದರೆ ಹೇಗೆ?

ನಾನು ಕೆಲಸ ಮಾಡುವುದು ಕೊಲ್ಹಾಪುರದ ಹಾದಿಯಲ್ಲಿರುವ ಒಂದು ಸಣ್ಣ ಮನರಂಜನೆ ಪಾರ್ಕಿನಲ್ಲಿ, ಟಿಕೆಟ್ ಖಿಡಕಿಯ ಹಿಂದೆ. ನೀರಿನ ಜಾರುಬಂಡಿ, ಪುಟ್ಟ ರೈಲು, ಗಿರಗಿರ ತಿರುಗುವ ಚಹಾದ ಕಪ್ಪು-ಬಸಿ ಎಲ್ಲಾ ಇವೆ. ಆದರೆ ಮಂದಿ ಬರುತ್ತಿದ್ದದ್ದು ನಟ್ಟನಡುವೆ ತೂಗುವ ದೊಡ್ಡ ಜಹಾಜಿಗೆ. ಕುರುಂದವಾಡದಿಂದ, ಉದಗಾಂವದಿಂದ ಟೆಂಪೋ ಮಾಡಿಕೊಂಡು ಬಂದವರು ಮೊದಲು ಜಹಾಜಿನ ಪಾಳಿಗೇ ಓಡುತ್ತಿದ್ದರು. ಆ ಜಹಾಜು ನಡೆಸುವವರು ನನ್ನ ಮಾವ.

ಜಹಾಜಿನ ಹೊಟ್ಟೆಯ ಕೆಳಗೆ ಒಂದು ಟಾಯರು ಇರುತ್ತದೆ. ಲಿವರ್ ಒತ್ತಿದರೆ ಅದು ಜಹಾಜನ್ನು ನೂಕುತ್ತದೆ, ಬಿಟ್ಟರೆ ತೂಗು ತಾನಾಗಿ ಇಳಿಯುತ್ತದೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದರಲ್ಲೇ ಎಲ್ಲಾ ವಿದ್ಯೆ. ಬೇರೆ ಕಡೆ ಜಹಾಜನ್ನು ನೋಡುತ್ತಾ ನಡೆಸುತ್ತಾರೆ. ನಮ್ಮ ಮಾವ ಅದಕ್ಕೆ ಬೆನ್ನು ತಿರುಗಿಸಿ, ಎದುರಿನ ಕಂಪೌಂಡ್ ಗೋಡೆ ನೋಡುತ್ತಾ ನಡೆಸುತ್ತಿದ್ದರು. ಪಾರ್ಕು ಶುರುವಾದ ಮೊದಲ ವಾರ ಒಬ್ಬಳು ಹೊಸ ಮದುಮಗಳು ಹತ್ತಿದ್ದಳಂತೆ. ಜಹಾಜು ಮೇಲೆ ಹೋದಾಗ ಗಾಳಿಗೆ ಆಕೆಯ ಸೀರೆ ಮೊಣಕಾಲಿನ ತನಕ ಹಾರಿತಂತೆ. ಮಾವ ಗಕ್ಕನೆ ಮುಖ ತಿರುಗಿಸಿದವರು ಇಪ್ಪತ್ತು ವರ್ಷ ಮತ್ತೆ ಆ ಕಡೆ ಹೊರಳಲಿಲ್ಲ. ಹೆಣ್ಣುಮಕ್ಕಳಿದ್ದಲ್ಲಿ ಗಂಡಸರು ಕಣ್ಣು ಹಾಕಬಾರದು ಎಂಬುದು ಅವರ ಖಡಕ್ ನಿಯಮ.

ಮನೆಯಲ್ಲೂ ಅದೇ. ಅಡುಗೆಮನೆಗೆ ಬರುವ ಮುಂಚೆ ಎರಡು ಸಲ ಕೆಮ್ಮುವರು. ನನಗೆ ಹೇಳಬೇಕಾದದ್ದನ್ನು ಅತ್ತೆಗೆ ಹೇಳುವರು, ಅತ್ತೆ ಇಲ್ಲದಿದ್ದರೆ ಗೋಡೆಗೆ. ಗಡಹಿಂಗ್ಲಜದಿಂದ ಈ ಮನೆಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು. ಅವರು ಒಂದು ದಿನವಾದರೂ ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ನೆನಪಿಲ್ಲ. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು, ಆಮೇಲೆ ಅದು ಮನೆಯ ಪದ್ಧತಿ ಎಂದು ಬಿಟ್ಟುಬಿಟ್ಟೆ.

ಹಾಗಾದರೆ ಜಹಾಜು ಹೇಗೆ ನಡೆಯುತ್ತಿತ್ತು? ಕಿವಿಯಿಂದ. ಮಂದಿ ಕಿರಿಚುವುದರಲ್ಲಿ ಎಷ್ಟು ಬಗೆ ಎಂದು ಮಾವನನ್ನು ಕೇಳಬೇಕು. ಹುರುಪಿನ ಕೂಗಿಗೆ ಅವರು ಇನ್ನಷ್ಟು ಒತ್ತುವರು. “ಅವ್ವಾ” ಎಂದೋ “ಆಯೀ ಗಂ” ಎಂದೋ ಕೇಳಿದರೆ ಅಲ್ಲಿಗೇ ಹಿಡಿದಿಡುವರು. ದೇವರ ಹೆಸರು ಕೇಳಿತೋ, ಲಿವರ್ ಬಿಟ್ಟೇಬಿಡುವರು. ಅವ್ವನನ್ನು ಕರೆಯುವವರು ಇನ್ನೂ ತಡಕೊಳ್ಳುತ್ತಾರೆ, ದೇವರನ್ನು ಕರೆದರೆ ಸಾಕಾಗಿದೆ ಎಂದರ್ಥ ಎಂದು ಅತ್ತೆಗೆ ಹೇಳಿದ್ದರಂತೆ. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಅವರ ಮೇಲೆ ತಕರಾರು ಮಾಡಿರಲಿಲ್ಲ.

ಆಮೇಲೆ ಕೊರೊನಾ ಬಂತು, ಪಾರ್ಕಿಗೆ ಬೀಗ ಬಿತ್ತು. ಮಹಾಪೂರ ಬಂದಾಗಲೂ ಪಾರ್ಕು ಅಷ್ಟು ದಿನ ಮುಚ್ಚಿರಲಿಲ್ಲ. ಇಚಲಕರಂಜಿಯ ಯಂತ್ರಮಗ್ಗಗಳೂ ನಿಂತವು. ಮಗ್ಗ ರಿಪೇರಿ ಮಾಡುವ ನಮ್ಮ ಮನೆಯವರೂ ಮನೆಯಲ್ಲೇ ಕೂತರು. ಮಾವನ ಪಾಡಂತೂ ನೋಡುವ ಹಾಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಟೀವಿ ಸುದ್ದಿ ಕೇಳುತ್ತಿದ್ದರೆ ಬಲಗೈ ತನ್ನಷ್ಟಕ್ಕೆ ತಾನೇ ಇಲ್ಲದ ಲಿವರ್ ಒತ್ತುತ್ತಿತ್ತು. ಅತ್ತೆ ಆ ಕೈಗೆ ಬೆಳ್ಳುಳ್ಳಿ ಸುಲಿಯುವ ಕೆಲಸ ಕೊಟ್ಟರು. ಆ ವರ್ಷ ನಾವು ತಿಂದಷ್ಟು ಬೆಳ್ಳುಳ್ಳಿ ಚಟ್ನಿ ಯಾರೂ ತಿಂದಿರಲಿಕ್ಕಿಲ್ಲ.

ಪಾರ್ಕು ತೆರೆಯಲು ಪರವಾನಗಿ ಸಿಕ್ಕಾಗ ಅದರ ಜೊತೆಗೆ ಮಾರುದ್ದ ನಿಯಮಗಳೂ ಬಂದವು. ಗೇಟಿನಲ್ಲಿ ಜ್ವರ ನೋಡುವ ಪಿಸ್ತೂಲು. ಬಿಸಿಲಲ್ಲಿ ಮೋಟರಸೈಕಲ್ ಮೇಲೆ ಬಂದವರಿಗೆಲ್ಲಾ ಅದು ಜ್ವರ ತೋರಿಸುತ್ತಿತ್ತು. ವಾಚ್‌ಮನ್ ಅವರನ್ನು ಬೇವಿನ ಗಿಡದ ಕೆಳಗೆ ಹತ್ತು ನಿಮಿಷ ಆರಿಸಿ ಮತ್ತೆ ನೋಡುತ್ತಿದ್ದ. ನೆಲದ ಮೇಲೆ ಸುಣ್ಣದ ವರ್ತುಲ, ಒಂದು ಸಾಲು ಬಿಟ್ಟು ಒಂದು ಸಾಲು, ಪ್ರತಿ ಸರತಿಗೂ ಸೀಟು ಒರೆಸುವುದು, ನೀರಿನ ಜಾರುಬಂಡಿ ಪೂರ್ತಿ ಬಂದ್. ಇವುಗಳ ಮೇಲೆ ನಮ್ಮ ಮಾಲಕರು ತಾವೇ ಒಂದು ಸೇರಿಸಿದರು. ಬಾಯಿ ತೆರೆದು ಕೂಗಿದರೆ ರೋಗ ಹಾರುತ್ತದೆ, ಆದ್ದರಿಂದ ಜಹಾಜಿನಲ್ಲಿ ಯಾರೂ ಕೂಗಕೂಡದು. ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಬೋರ್ಡು ಬರೆಸಿ ಜಹಾಜಿನ ಕಂಬಕ್ಕೆ ಹೊಡೆಸಿದರು.

ಬೋರ್ಡು ನೋಡಿ ನಾವು ಕೆಲಸದವರೆಲ್ಲಾ ಬಿದ್ದು ಬಿದ್ದು ನಕ್ಕೆವು. ಆ ಬೋರ್ಡಿನಿಂದ ಮಾವನ ಕಿವಿಗೇ ಬೀಗ ಬಿತ್ತು ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಮಾವನಿಗೂ ಹೊಳೆಯಲಿಲ್ಲ.

ತೆರೆಯುವ ಹಿಂದಿನ ದಿನ ಮಾಲಕರು ತಮ್ಮ ಮನೆಯವರನ್ನೇ ಕರೆತಂದು ಜಹಾಜು ಹತ್ತಿಸಿದರು. ಅವರದು ಹಳೆಯ ಜೈನ ಮನೆತನ. ಅವರ ತಾಯಿಯನ್ನು ನಾವೆಲ್ಲಾ ಆಯಿ ಎನ್ನುತ್ತೇವೆ. ಹೊತ್ತು ಮುಳುಗಿದ ಮೇಲೆ ಒಂದು ಕಾಳು ಬಾಯಿಗೆ ಹಾಕದವರು, ಕಾಯಿಸದ ನೀರು ಮುಟ್ಟದವರು. ನೇಮ ಎಂದರೆ ನೇಮ. ಮೊಮ್ಮಕ್ಕಳ ಹಟಕ್ಕೆ ಹತ್ತಿ ಕೂತು, ಯಾರ ಬಾಯಿಂದಲೂ ಪಿಟ್ಟೆನ್ನುವ ಸದ್ದು ಬರಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದರು.

ಮಾವ ಬೆನ್ನು ತಿರುಗಿಸಿ ಲಿವರ್ ಒತ್ತಿದರು. ಸದ್ದಿಲ್ಲ. ಮಂದಿಗೆ ಮಜಾ ಬರುತ್ತಿಲ್ಲ ಎಂದುಕೊಂಡು ಇನ್ನಷ್ಟು ಒತ್ತಿದರು. ಆಗಲೂ ಸದ್ದಿಲ್ಲ, ಮತ್ತಷ್ಟು ಒತ್ತಿದರು. ನಾನು ಖಿಡಕಿಯಿಂದ ನೋಡುತ್ತೇನೆ, ಜಹಾಜು ನಾನೆಂದೂ ನೋಡಿರದ ಎತ್ತರಕ್ಕೆ ಹೋಗಿದೆ! ಆಯಿ ಎರಡೂ ಕೈಯಲ್ಲಿ ಸರಳು ಅವಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದಾರೆ. ನಿಲ್ಲಿಸಿರಿ ಮಾವಾ ಎಂದು ಚೀರುತ್ತಾ ಓಡಿದೆ. ಮಾವನೆದುರು ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು.

ಕೆಳಗಿಳಿದ ಆಯಿ ನೆಲದ ಮೇಲೇ ಕೂತುಬಿಟ್ಟರು. ಮಗ ಗಾಬರಿಯಾಗಿ, ಒಂದು ಸಲ ಕೂಗಬಾರದಿತ್ತೇ ಎಂದು ಕೇಳಿದರು. ಆಯಿ ಅವರನ್ನು ಮೇಲಿನಿಂದ ಕೆಳಗೆ ನೋಡಿ, “ಬಾಯಿ ಮುಚಗೊಂಡ ಕುಂಡ್ರು ಅಂತ ನೀನ ಬೋರ್ಡ ಹಾಕೀದಿ. ನಾನ ಒದರಿದ್ರ ಮಂದಿ ಕೇಳ್ತಾರೇನು?” ಎಂದರು.

ಮಾಲಕರ ಸಿಟ್ಟು ಬೋರ್ಡಿನ ಮೇಲೆ ಹೋಗಲಿಲ್ಲ, ಮಾವನ ಮೇಲೆ ಹೋಯಿತು. ಕೂಗು ಕೇಳಿ ಜಹಾಜು ನಡೆಸುವ ಕಾಲ ಮುಗಿಯಿತು, ಪುಣೆಯಿಂದ ಟೈಮರ್ ತರಿಸುತ್ತೇನೆ, ಹೊತ್ತಿಗೆ ಸರಿಯಾಗಿ ಅದೇ ನಿಲ್ಲುತ್ತದೆ, ಕಾಕಾ ಇನ್ನು ಮನೆಯಲ್ಲಿ ಆರಾಮ ಇರಲಿ ಎಂದರು. ಪಾರ್ಕಿನಲ್ಲಿ ಮಾವನನ್ನು ಎಲ್ಲರೂ ಕರೆಯುವುದು ಕಾಕಾ ಎಂದೇ. ಮಾವ ಲಿವರಿನ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ. ಎಂಟು ತಿಂಗಳು ಬೆಳ್ಳುಳ್ಳಿ ಸುಲಿದು ಕಾದಿದ್ದ ಕೈ ಅದು.

ಮನೆಗೆ ಬಂದು, ಜಹಾಜಿನ ಕಡೆ ಮುಖ ಮಾಡಿ ನಿಲ್ಲಲು ನಿಮ್ಮ ಅಪ್ಪನಿಗೆ ಹೇಳಿ ಎಂದು ನಮ್ಮ ಮನೆಯವರಿಗೆ ಗಂಟುಬಿದ್ದೆ. ಅವರು ಹೇಳಿದರು. ಮಾವ ಗೋಡೆಗೆ ಉತ್ತರ ಕೊಟ್ಟರು: “ಮುದಕ ಆದ ಮ್ಯಾಲ ಹೆಣ್ಣಮಕ್ಕಳನ ನೋಡಾಕ ನಿಂದರ್ಲೇನು?”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅಡುಗೆಮನೆಯ ಬಾಗಿಲ ಹಿಂದಿನಿಂದಲೇ, ಗೋಡೆಯನ್ನೂ ಗಂಡನನ್ನೂ ಬಿಟ್ಟು ನೇರವಾಗಿ ಅಂದೆ: “ಅವ್ರೆಲ್ಲಾ ನಿಮ್ಮ ಕೈಯಾಗ ಜೀವಾ ಕೊಟ್ಟ ಕುಂತಿರ್ತಾರ್ರಿ ಮಾವಾ. ನೋಡ್ಲಿಲ್ಲಂದ್ರ ಹೆಂಗ್ರಿ?”

ಮಾವ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅತ್ತೆ ನನ್ನನ್ನು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಒಲೆಯ ಉರಿ ಸಣ್ಣ ಮಾಡಿದರು.

ಮರುದಿನ ಬೆಳಿಗ್ಗೆ, ಗೇಟು ತೆರೆಯುವ ಮುಂಚೆ ಮಾಲಕರ ಮುಂದೆ ಹೋಗಿ ನಿಂತೆ. ಕಾಕಾನಿಗೆ ಇನ್ನೊಂದೇ ಸಲ ನಡೆಸಲು ಕೊಡಿ, ಈ ಸಲ ನೋಡುತ್ತಾ ನಡೆಸುತ್ತಾರೆ ಎಂದೆ. ಮಾವ ಒಪ್ಪಿದ್ದಾರೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಯಾರು ಹತ್ತುತ್ತಾರೆ, ಆಯಿಯಾಗಲಿ ಮಕ್ಕಳಾಗಲಿ ಇನ್ನು ಆ ಕಡೆ ಸುಳಿಯುವುದಿಲ್ಲ ಎಂದರು ಮಾಲಕರು. ನಾನು ಹತ್ತುತ್ತೇನೆ ಎಂದುಬಿಟ್ಟೆ. ಹಪ್ಪಳದ ಡಬ್ಬಿ ಇಳಿಸಲು ಸ್ಟೂಲು ಹತ್ತಿದರೂ ಕಣ್ಣಿಗೆ ಕತ್ತಲೆ ಬರುವವಳು ನಾನು. ಇಷ್ಟು ವರ್ಷ ಆ ಜಹಾಜಿಗೆ ಟಿಕೆಟ್ ಹರಿದು ಕೊಟ್ಟಿದ್ದೆನೇ ಹೊರತು ಒಂದು ಸಲವೂ ಹತ್ತಿರಲಿಲ್ಲ. ಮಾಲಕರು ಒಂದು ಶರತ್ತೂ ಹಾಕಿದರು. ಕೂಗಬಾರದು, ಕೈಯನ್ನೂ ಎತ್ತಬಾರದು. ಆಯಿಯಂಥವರು ಸರಳು ಹಿಡಿದ ಕೈ ಬಿಡುವುದಿಲ್ಲ, ಆದ್ದರಿಂದ ಸಾಕಾಯಿತು ಎಂಬುದು ಕಾಕಾನಿಗೆ ತಾನಾಗೇ ಗೊತ್ತಾಗಬೇಕು.

ಕೂರಿಸಿದ್ದು ತುದಿಯ ಸಾಲಿನಲ್ಲಿ, ಎಲ್ಲಕ್ಕಿಂತ ಮೇಲೆ ಹೋಗುವ ಸೀಟಿನಲ್ಲಿ. ಸೀರೆಯ ನೆರಿಗೆಯನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದು, ಮಾಸ್ಕ್ ಸರಿ ಮಾಡಿಕೊಂಡು ಕೂತೆ. ಕೆಳಗೆ ಮಾವ ಗೋಡೆ ನೋಡುತ್ತಾ ನಿಂತಿದ್ದರು. ಮಾಲಕರು ಗಡಿಯಾರ ನೋಡಿದರು, ವಾಚ್‌ಮನ್ ಕೆಮ್ಮಿದ. ಆಮೇಲೆ ಮಾವ ನಿಧಾನಕ್ಕೆ, ಭಾರದ ಚೀಲ ಹೊತ್ತವರ ಹಾಗೆ, ಈ ಕಡೆ ಹೊರಳಿದರು. ಕಣ್ಣು ಮೊದಲು ನೆಲದ ಮೇಲಿತ್ತು. ಲಿವರ್ ಒತ್ತುವಾಗ ಮೇಲೆ ಬಂತು.

ಜಹಾಜು ಒಂದು ತೂಗು ಹೋಯಿತು, ಎರಡು ಹೋಯಿತು, ಮೂರನೆಯದಕ್ಕೆ ನನ್ನ ಕರುಳು ಸೀಟಿನಲ್ಲೇ ಉಳಿದು ನಾನು ಮಾತ್ರ ಮೇಲೆ ಹೋದೆ. ತುಟಿ ಕಚ್ಚಿಕೊಂಡೆ. ಕಣ್ಣು ಮುಚ್ಚುವ ಹಾಗಿರಲಿಲ್ಲ, ಮುಚ್ಚಿದರೆ ಮಾವನಿಗೆ ನೋಡಲು ಏನು ಉಳಿಯುತ್ತದೆ? ಕೆಳಗಿನಿಂದ ಅವರು ನೋಡುತ್ತಿದ್ದರು, ಮೇಲಿನಿಂದ ನಾನು. ನಾಲ್ಕನೆಯ ತೂಗಿಗೆ ನನ್ನೊಳಗೆ ಶಿವಶಿವಾ ಎಂಬ ಜಪ ಶುರುವಾಗಿತ್ತು. ಅದೇ ಗಳಿಗೆಗೆ ಮಾವ ಲಿವರ್ ಬಿಟ್ಟರು.

ಇಷ್ಟು ಬೇಗ ಯಾಕೆ ಇಳಿಸಿದಿರಿ, ಆಕೆ ಕೈ ಎತ್ತಲಿಲ್ಲ, ಬಾಯಿ ತೆರೆಯಲಿಲ್ಲ ಎಂದು ಮಾಲಕರು ಕೇಳಿದರು. ಮಾವ ಮತ್ತೆ ಗೋಡೆಯ ಕಡೆ ನೋಡಿ ಹೇಳಿದರು: “ದೇವ್ರ ಹೆಸರ ತಗದಳ್ರಿ ಮಾಲಕ್ರ. ಕಣ್ಣಾಗ.”

ಮಾಲಕರು ನನ್ನನ್ನು ನೋಡಿದರು. ಹೌದ್ರಿ ಎಂದೆ. ಅವರು ಸ್ವಲ್ಪ ಹೊತ್ತು ಮಾಸ್ಕಿನೊಳಗೇ ನಕ್ಕು, ಟೈಮರಿನ ಮಾತು ಬಿಟ್ಟು, ಕಾಕಾ ಇನ್ನು ಗೋಡೆಗೆ ಮುಖ ಮಾಡಬಾರದು ಎಂದಷ್ಟೇ ಹೇಳಿ ಗೇಟು ತೆರೆಸಿದರು. ಅವತ್ತು ಇಡೀ ದಿನ ಮಾವ ಮಂದಿಯನ್ನು ನೋಡುತ್ತಾ ಜಹಾಜು ನಡೆಸಿದರು. ಕಿವಿಯವರೆಗೂ ಕೆಂಪಗಾಗಿದ್ದರು, ಆದರೂ ಹೊರಳಲಿಲ್ಲ. ಗೆದ್ದೆವು ಎಂದು ನಾನು ಖಿಡಕಿಯಲ್ಲಿ ಕೂತು ಒಬ್ಬಳೇ ನಗುತ್ತಿದ್ದೆ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಮಾವ ಅತ್ತೆಯ ಹತ್ತಿರ ಕೂತಿದ್ದರು. ಜಹಾಜಿನ ಸುದ್ದಿ ಹೇಳುತ್ತಾರೆ ಎಂದು ಕಿವಿ ಕೊಟ್ಟೆ. ಅದನ್ನು ಅವರು ಹೇಳಲೇ ಇಲ್ಲ.

“ಆ ಹುಡುಗಿ ಕಣ್ಣ ಸುತ್ತ ಭಾಳ ಕರ್ರಗ ಆಗೇತಿ,” ಎಂದರು. “ಎಷ್ಟ ದಿನಾ ಆತು ಆಕಿ ನಿದ್ದಿ ಮಾಡಿ? ನನಗ ಯಾರೂ ಹೇಳಲೇ ಇಲ್ಲಲಾ.”

ಪಾರ್ಕಿಗೆ ಬೀಗ ಬಿದ್ದಂದಿನಿಂದ ನಾನು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಮಗ್ಗ ಯಾವಾಗ ಶುರುವಾದೀತು, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಎಲ್ಲಿಗೆ ಓಡಬೇಕು ಎಂದು ತಲೆಯ ಮೇಲಿನ ಛತ್ತು ನೋಡುತ್ತಾ ಬಿದ್ದುಕೊಂಡಿರುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ, ತವರಿಗೆ ಫೋನ್ ಮಾಡಿದಾಗಲೂ ಹೇಳಿರಲಿಲ್ಲ. ಎಲ್ಲರೆದುರು ನಗುನಗುತ್ತಲೇ ಇದ್ದೆ. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು, ನಾನು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಹೊರಗೆ ಮಾವ ಎರಡು ಸಲ ಕೆಮ್ಮಿದರು, ಒಳಗೆ ಬರಲಿಲ್ಲ. ಅತ್ತೆಯನ್ನು ಕಳಿಸಿದರು.